ಧೋಬಿ ತಲಾವಿನ ಹಳೆಯ ಅಂಗಡಿಯಲ್ಲಿ ಒಂದು ಬೇಸ್‌ಬಾಲ್ ಗ್ಲೌಸ್

ಎಡಗೈಯಲ್ಲಿ ಚೆಂಡು ಎಸೆಯುವ ಮಗುವಿಗೆ ಬೇಸ್‌ಬಾಲ್ ಗ್ಲೌಸ್ ಹುಡುಕುವುದು ಮುಂಬಯಿಯಂಥ ಊರಿನಲ್ಲೂ ಎಷ್ಟು ಕಷ್ಟವೆಂಬುದು ಹುಡುಕಲು ಹೊರಟ ಮೇಲೆ ನನಗೆ ತಿಳಿಯಿತು. ಈ ಆಟದಲ್ಲಿ ಎಸೆಯುವ ಕೈ ಬರಿದಾಗಿರುತ್ತದೆ, ಹಿಡಿಯುವ ಕೈಗೆ ಗ್ಲೌಸ್ ಇರುತ್ತದೆ. ಬಲಗೈಯವರ ಗ್ಲೌಸ್ ಎಡಗೈಗೆ, ಎಡಗೈಯವರದು ಬಲಗೈಗೆ. ಅಂಗಡಿಗಳಲ್ಲಿ ಸಿಗುವುದು ಬಹುಪಾಲು ಮೊದಲನೆಯ ಬಗೆಯದೇ. ಶಾಲೆಯಲ್ಲಿ ಸಾಫ್ಟ್‌ಬಾಲ್ ಆಡುತ್ತಿದ್ದ ನನ್ನ ಹನ್ನೆರಡು ವರ್ಷದ ಮಗಳು ಈ ವರ್ಷ ಬೇಸ್‌ಬಾಲ್ ತಂಡಕ್ಕೆ ಸೇರಿದಾಗ ವಡಾಲ, ದಾದರ್‌ಗಳ ನಾಲ್ಕು ಅಂಗಡಿ ಅಲೆದೆವು. ಒಂದು ಕಡೆ, ಬಲಗೈಯಲ್ಲಿ ಎಸೆಯುವುದನ್ನು ಅಭ್ಯಾಸ ಮಾಡಿಸಿ ಎಂದು ಸಲಹೆ ಕೊಟ್ಟರು. ಆನ್‌ಲೈನಿನಲ್ಲಿ ತರಿಸಿದ್ದು ಚರ್ಮವೆಂದು ಹೇಳಿಕೊಂಡ ರೆಕ್ಸಿನ್ ಆಗಿತ್ತು. ಎರಡನೆಯ ವಾರಕ್ಕೆ ಹೆಬ್ಬೆರಳಿನ ಸಂದಿಯಲ್ಲಿ ಬಿರಿಯಿತು. ಕೊನೆಗೆ ತಂಡದ ಇನ್ನೊಬ್ಬ ಹುಡುಗಿಯ ತಂದೆ ಧೋಬಿ ತಲಾವಿನ ಈ ಅಂಗಡಿಯನ್ನು ಸೂಚಿಸಿದರು. ಅಂಗಡಿಯವರು ಹೆಸರು ಬರೆಯುವುದು ಬೇಡವೆಂದು ಕೇಳಿಕೊಂಡಿರುವುದರಿಂದ ಹೆಸರಿಲ್ಲದೆಯೇ ಬರೆಯುತ್ತಿದ್ದೇನೆ. ದಾರಿಯ ಗುರುತು ಮಾತ್ರ ಕೊಡುತ್ತೇನೆ.

ವಡಾಲ ರೋಡ್‌ನಿಂದ ಹಾರ್ಬರ್ ಲೈನಿನಲ್ಲಿ ಸಿಎಸ್‌ಎಂಟಿಗೆ ಬಂದು, ಆಜಾದ್ ಮೈದಾನದ ಪಕ್ಕದಲ್ಲಿ ಮೆಟ್ರೊ ಸಿನಿಮಾದ ಕಡೆಗೆ ನಡೆದರೆ ಹತ್ತು ಹದಿನೈದು ನಿಮಿಷದ ದಾರಿ. ಪಶ್ಚಿಮ ರೈಲ್ವೆಯಲ್ಲಿ ಬರುವವರಿಗೆ ಮರೀನ್ ಲೈನ್ಸ್ ಹತ್ತಿರ. ಮುಂಬಯಿಯಲ್ಲಿ ಕ್ರಿಕೆಟ್ ಆಡುವ ಮಕ್ಕಳ ಮನೆಯವರಿಗೆ ಧೋಬಿ ತಲಾವಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಸಾಲಾಗಿ ಆಟದ ಸಾಮಾನಿನ ಅಂಗಡಿಗಳು, ಬಾಗಿಲಲ್ಲಿ ತೂಗುಹಾಕಿದ ಪ್ಯಾಡು, ಹೆಲ್ಮೆಟ್ಟು, ಹಗ್ಗದಲ್ಲಿ ಪೋಣಿಸಿದ ಫುಟ್‌ಬಾಲು. ನಾನು ಹೇಳುತ್ತಿರುವ ಅಂಗಡಿಯ ಮುಂಭಾಗ ಎಂಟು ಅಡಿಗಿಂತ ಅಗಲವಿಲ್ಲ. ಒಳಗೆ ಮಾತ್ರ ಉದ್ದಕ್ಕೆ ಹೋಗುತ್ತದೆ, ಮೇಲೆ ಮರದ ಅಟ್ಟವಿದೆ. ಬೇಸ್‌ಬಾಲಿಗೆ ಅಲ್ಲಿ ಸಿಕ್ಕಿರುವುದು ಹಿಂದಿನ ಒಂದು ಮೂಲೆ, ಎರಡು ಹಲಗೆ. ಮಹಾರಾಷ್ಟ್ರದ ಶಾಲೆಗಳಲ್ಲಿ ಸಾಫ್ಟ್‌ಬಾಲ್ ಚೆನ್ನಾಗಿ ಬೇರೂರಿದ ಆಟವಾದ್ದರಿಂದ ಅದರ ನೆರಳಿನಲ್ಲಿ ಬೇಸ್‌ಬಾಲಿನ ಸಾಮಾನು ಇಲ್ಲಿ ಬದುಕಿಕೊಂಡಿದೆ.

ಆ ಮೂಲೆಯನ್ನು ನೋಡಿಕೊಳ್ಳುವವರು ಕುಂದಾಪುರದ ಕಡೆಯ ಹಿರಿಯರು. ಹದಿನಾಲ್ಕನೆಯ ವಯಸ್ಸಿಗೆ ಮುಂಬಯಿಗೆ ಬಂದು, ಹಗಲು ಫೋರ್ಟ್‌ನ ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದ ತಲೆಮಾರಿನವರು. ನಲವತ್ತು ವರ್ಷದಿಂದ ಇದೇ ಅಂಗಡಿಯಲ್ಲಿದ್ದಾರೆ. ನಾವು ತಾಯಿ ಮಗಳು ಮಾತಾಡಿಕೊಳ್ಳುತ್ತಿದ್ದ ಕನ್ನಡ ಕಿವಿಗೆ ಬಿದ್ದದ್ದೇ ತಡ, ಹಿಂದಿ ಬಿಟ್ಟರು. ನನ್ನ ಮಗಳು ಆಗ ಹಲಗೆಯ ಮೇಲಿದ್ದ ಒಂದು ಗ್ಲೌಸಿನಿಂದ ಕಣ್ಣು ಕೀಳದೆ ನಿಂತಿದ್ದಳು. ಅದರ ಅಂಗೈಯಲ್ಲಿ ಅಮೆರಿಕದ ಒಬ್ಬ ಆಟಗಾರನ ಸಹಿಯನ್ನು ಬಂಗಾರದ ಬಣ್ಣದಲ್ಲಿ ಒತ್ತಿದ್ದರು. ಬಲಗೈಯವರ ಗ್ಲೌಸ್, ಅವಳ ಅಳತೆಗಿಂತ ಒಂದು ಅಂಗುಲ ದೊಡ್ಡದು, ಆದರೂ ಅದೇ ಬೇಕೆಂಬ ಆಸೆ ಅವಳಿಗೆ. ಹಿರಿಯರು ಅದನ್ನು ಬೇಡವೆನ್ನಲಿಲ್ಲ. ಕೆಳಗಿಳಿಸಿ ಅವಳ ಕೈಗೇ ಕೊಟ್ಟು, ಹಾಕಿಕೊಂಡು ಮುಚ್ಚಿ ತೆರೆಯಲು ಹೇಳಿದರು. ಅವಳಿಗೆ ಆಗಲಿಲ್ಲ. “ಹೆಸ್ರ್ ಕಾಣ್ಬೇಡ ಮಗಾ, ಕೈ ಕಾಣ್” ಎಂದು ಹೇಳಿ ಅಟ್ಟಕ್ಕೆ ಏಣಿ ಹಾಕಿದರು.

ಅಟ್ಟದಿಂದ ಇಳಿದದ್ದು ಯಾರ ಹೆಸರೂ ಇಲ್ಲದ, ಜಲಂಧರದಲ್ಲಿ ತಯಾರಾದ, ಎಡಗೈಯವರಿಗಾಗಿ ಹೊಲಿದ ಹನ್ನೊಂದೂವರೆ ಅಂಗುಲದ ಚರ್ಮದ ಗ್ಲೌಸ್. ಬೆಲೆ 1,850 ರೂಪಾಯಿ. ಏಳು ತಿಂಗಳು ಬಳಸಿದ ಮೇಲೆ ಅದರ ಬಗ್ಗೆ ಧೈರ್ಯವಾಗಿ ಹೇಳಬಲ್ಲೆ. ಚರ್ಮ ದಪ್ಪ; ಮೊದಲ ಮೂರು ವಾರ ಹಲಗೆಯಂತೆ ಬಿಗಿಯಾಗಿತ್ತು, ಚೆಂಡು ಒಳಗೆ ಬಿದ್ದು ಪುಟಿದು ಹೊರಗೆ ಹೋಗುತ್ತಿತ್ತು. ಹಿರಿಯರು ಹೇಳಿಕೊಟ್ಟ ಪ್ರಕಾರ ರಾತ್ರಿ ಅಂಗೈಯ ಗುಳಿಯಲ್ಲಿ ಚೆಂಡಿಟ್ಟು, ಗ್ಲೌಸನ್ನು ಮುಚ್ಚಿ, ಹಳೆಯ ದುಪಟ್ಟಾದಿಂದ ಬಿಗಿದು ಇಡುತ್ತಿದ್ದೆವು. ವಾರಕ್ಕೊಮ್ಮೆ ಚರ್ಮಕ್ಕೆ ಹಚ್ಚುವ ಎಣ್ಣೆಯನ್ನು ಬೆರಳ ತುದಿಯಷ್ಟು ಮಾತ್ರ ಹಚ್ಚುತ್ತಿದ್ದೆವು. ಎಣ್ಣೆ ಹೆಚ್ಚಾದರೆ ಚರ್ಮ ಭಾರವಾಗಿ ಜೋಲುತ್ತದೆ ಎಂದು ಅವರು ಎಚ್ಚರಿಸಿದ್ದರು. ನಾಲ್ಕನೆಯ ವಾರ ಗುಳಿ ತಾನಾಗಿ ಕೂತಿತು. ಈಗ ಚೆಂಡು ಬಿದ್ದಾಗ ಬರುವ ಸದ್ದೇ ಬೇರೆ, ಪಕ್ಕದ ಕೋಣೆಯಲ್ಲಿದ್ದರೂ ಅವಳು ಸರಿಯಾಗಿ ಹಿಡಿದಳೋ ಇಲ್ಲವೋ ಎಂದು ಹೇಳಬಲ್ಲೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಜಾಲರಿಯ ಹೆಣಿಗೆ ಗಟ್ಟಿ. ಮಣಿಕಟ್ಟಿನ ಪಟ್ಟಿ ಮಾತ್ರ ಸ್ವಲ್ಪ ಒರಟು, ಬೆವರಿನ ದಿನಗಳಲ್ಲಿ ಚರ್ಮ ಕೆಂಪಾಗುತ್ತದೆ. ಒಳಗೆ ಹತ್ತಿ ಬಟ್ಟೆ ಹೊಲಿದುಕೊಂಡೆವು.

ಗ್ಲೌಸಿನ ಜೊತೆ ಒಂದು ಚೆಂಡೂ ಕೊಂಡೆವು. ಚೆಂಡಿನ ಮೇಲೆ ಕೆಂಪು ದಾರದ ಜೋಡಿ ಹೊಲಿಗೆ 108 ಇರುತ್ತದೆ. ಜಪಮಾಲೆಯ ಲೆಕ್ಕ ನೆನಪಾಗಿ ನಾನು ಅದನ್ನು ಹೇಳಿದಾಗ ಹಿರಿಯರು ಮಗಳ ಬೆರಳನ್ನು ಹಿಡಿದು ಆ ಹೊಲಿಗೆಯ ಉಬ್ಬಿನ ಮೇಲೆ ಇರಿಸಿ, ತಿರುವು ಎಲ್ಲಿಂದ ಬರುತ್ತದೆಂದು ತೋರಿಸಿದರು. ಗಿರಾಕಿ ಏನು ಕೊಂಡನೋ ಅದನ್ನು ಬಳಸುವ ಬಗೆ ಕಲಿಸಿ ಕಳಿಸುವ ಅಂಗಡಿ ಈಗ ಅಪರೂಪ; ನನ್ನ ಮೆಚ್ಚುಗೆಗೆ ಇದು ಮೊದಲ ಕಾರಣ.

ಎರಡನೆಯ ಕಾರಣವನ್ನು ಹೇಳಲು ಜರ್ಸಿಯ ವಿಷಯಕ್ಕೆ ಬರಬೇಕು. ಅಂಗಡಿಯ ಮಧ್ಯದಲ್ಲಿ ಇಸ್ತ್ರಿ ಪೆಟ್ಟಿಗೆಯಂಥದೇ ಆದರೆ ಮೇಜಿನಷ್ಟು ದೊಡ್ಡದಾದ ಒಂದು ಪ್ರೆಸ್ ಇದೆ. ಬನಿಯನ್ನಿನ ಬೆನ್ನಿಗೆ ಹೆಸರು, ಸಂಖ್ಯೆ ಒತ್ತಿ ಕೊಡುತ್ತಾರೆ. ತಂಡದ ಜರ್ಸಿಯಾದರೆ ಮಗುವಿನ ಸ್ವಂತ ಹೆಸರನ್ನು ಒತ್ತಿಸಿಕೊಳ್ಳಿ ಎಂದು ಹಿರಿಯರು ಎಲ್ಲರಿಗೂ ಹೇಳುತ್ತಾರೆ. ದೊಡ್ಡ ಆಟಗಾರರ ಹೆಸರು ಬೇಕೆಂದವರಿಗೂ ಒತ್ತಿ ಕೊಡುತ್ತಾರೆ, ಆದರೆ ಒಂದು ಮಾತನ್ನು ಮೊದಲೇ ತಿಳಿಸುತ್ತಾರೆ: ಒತ್ತಿದ ಹೆಸರನ್ನು ತೆಗೆಯಲಾಗುವುದಿಲ್ಲ. ಅಕ್ಷರಗಳನ್ನು ಬಿಸಿ ಮಾಡಿ ಕಿತ್ತರೂ ಬಟ್ಟೆಯ ಮೇಲೆ ಅವುಗಳ ನೆರಳು ಉಳಿದುಕೊಳ್ಳುತ್ತದೆ. ಅಂಥ ಒಂದು ಬನಿಯನ್ನನ್ನು ಅವರು ಮಾದರಿಗೆಂದು ಕಪಾಟಿನಲ್ಲಿ ಇಟ್ಟುಕೊಂಡಿದ್ದಾರೆ. ನೀಲಿ ಬಟ್ಟೆ, ಬೆನ್ನ ಮೇಲೆ ಅಕ್ಷರವಿದ್ದ ಜಾಗ ಮಾತ್ರ ಬಿಸಿಲು ಕಾಣದೆ ಗಾಢವಾಗಿ ಉಳಿದು, ಕಿತ್ತ ಹೆಸರನ್ನು ಈಗಲೂ ಓದಬಹುದು.

ಬೇಸ್‌ಬಾಲ್ ಹುಟ್ಟಿ ಬೆಳೆದ ದೇಶದಲ್ಲಿಯೇ ಬೆನ್ನಿನ ಹೆಸರು ತಡವಾಗಿ ಬಂದದ್ದು. ನ್ಯೂಯಾರ್ಕ್ ಯಾಂಕೀಸ್ ತಂಡ 1929ರಲ್ಲಿ ಸಂಖ್ಯೆಗಳನ್ನು ರೂಢಿಗೆ ತಂದಿತು. ಹೆಸರನ್ನು ಮೊದಲು ಹಾಕಿದ್ದು 1960ರಲ್ಲಿ ಶಿಕಾಗೊ ವೈಟ್ ಸಾಕ್ಸ್. ಯಾಂಕೀಸ್ ಆಟಗಾರರ ಜರ್ಸಿಯ ಬೆನ್ನಿನಲ್ಲಿ ಇಂದಿಗೂ ಹೆಸರಿಲ್ಲ. ಅಭಿಮಾನಿಗಳು ಕೊಳ್ಳುವ ಜರ್ಸಿಗಳಲ್ಲಿ ಮಾತ್ರ ಹೆಸರಿನದೇ ವ್ಯಾಪಾರ. ಪ್ರತಿ ವರ್ಷ ಏಪ್ರಿಲ್ 15ರಂದು, ಅಲ್ಲಿಯ ದೊಡ್ಡ ಲೀಗಿನಲ್ಲಿ ವರ್ಣಭೇದದ ಗೋಡೆ ಒಡೆದ ಕಪ್ಪು ಆಟಗಾರ ಜಾಕಿ ರಾಬಿನ್‌ಸನ್ ನೆನಪಿಗಾಗಿ ಎಲ್ಲ ತಂಡಗಳ ಎಲ್ಲ ಆಟಗಾರರೂ 42ನೇ ಸಂಖ್ಯೆ ಧರಿಸುತ್ತಾರೆಂದು ಮಗಳು ಹೇಳಿದಾಗ, ಅಂಥ ಸಂಖ್ಯೆಯಾದರೆ ಒತ್ತುವಾಗ ಯೋಚಿಸಬೇಕಾಗಿಲ್ಲ ಎಂದರು ಹಿರಿಯರು.

ಕಪಾಟಿನ ಆ ನೀಲಿ ಬನಿಯನ್ 2024ರ ಬೇಸಿಗೆಯದು. ಮುಂಬಯಿಯವರಿಗೆ ಆ ಬೇಸಿಗೆ ನೆನಪಿರುತ್ತದೆ. ರೋಹಿತ್ ಶರ್ಮಾ ಅವರ ಜಾಗದಲ್ಲಿ ಹಾರ್ದಿಕ್ ಪಾಂಡ್ಯ ಮುಂಬಯಿ ಇಂಡಿಯನ್ಸ್ ನಾಯಕರಾದರೆಂಬ ಸಿಟ್ಟಿಗೆ ಜನ ಅವರನ್ನು ಮೈದಾನದಿಂದ ಮೈದಾನಕ್ಕೆ ಹೀಯಾಳಿಸಿದರು. ಏಪ್ರಿಲ್ 1ರಂದು ವಾಂಖೆಡೆಯಲ್ಲಿ ಟಾಸ್ ಹೊತ್ತಿಗೆ ನಿರೂಪಕ ಸಂಜಯ್ ಮಾಂಜ್ರೇಕರ್ ಅವರೇ ಸರಿಯಾಗಿ ನಡೆದುಕೊಳ್ಳಿ ಎಂದು ಪ್ರೇಕ್ಷಕರಿಗೆ ಹೇಳಬೇಕಾಯಿತು. ಏಪ್ರಿಲ್ 11ರಂದು ಬೆಂಗಳೂರು ತಂಡದ ಪಂದ್ಯಕ್ಕೆ, ಮುಂಬಯಿ ಕನ್ನಡಿಗರು ಹೋಗುವ ಹಾಗೆ, ನಾವೂ ಹೋಗಿದ್ದೆವು. ಪಾಂಡ್ಯ ಬ್ಯಾಟಿಂಗಿಗೆ ಬಂದಾಗ ಎದ್ದ ಕೂಗನ್ನು ಕೇಳಿ ನನ್ನ ಮಗಳು, ಇವರು ಏನು ತಪ್ಪು ಮಾಡಿದ್ದಾರೆ ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಎದುರು ತಂಡದ ವಿರಾಟ್ ಕೊಹ್ಲಿ ಗ್ಯಾಲರಿಯ ಕಡೆ ಕೈಮಾಡಿ, ಸಾಕು ನಿಲ್ಲಿಸಿ ಎಂದು ಸನ್ನೆ ಮಾಡಿದರು. ಜೂನ್ 29ರಂದು ಬಾರ್ಬಡೋಸ್‌ನಲ್ಲಿ ವಿಶ್ವಕಪ್ ಫೈನಲಿನ ಕೊನೆಯ ಓವರನ್ನು ಪಾಂಡ್ಯ ಎಸೆದು ಭಾರತ 7 ರನ್ನುಗಳಿಂದ ಗೆದ್ದ ಮೇಲೆ, ಜುಲೈ 4ರಂದು ಅದೇ ವಾಂಖೆಡೆ ಅದೇ ಹೆಸರನ್ನು ಜಪಿಸಿತು. ಏಪ್ರಿಲ್‌ನಲ್ಲಿ ಹೆಸರು ಕೀಳಿಸಲು ಬಂದ ಹುಡುಗರಲ್ಲಿ ಇಬ್ಬರು ಜುಲೈನಲ್ಲಿ ಹೊಸ ಬನಿಯನ್ನಿನ ಮೇಲೆ ಅದನ್ನೇ ಒತ್ತಿಸಿಕೊಂಡು ಹೋದರೆಂದು ಹಿರಿಯರು ಹೇಳಿದರು. ವಾಂಖೆಡೆಗೆ ಇದು ಹೊಸದೂ ಅಲ್ಲ. 2006ರ ಮಾರ್ಚ್‌ನಲ್ಲಿ ಇಂಗ್ಲೆಂಡ್ ವಿರುದ್ಧದ ಟೆಸ್ಟಿನಲ್ಲಿ ಸಚಿನ್ ತೆಂಡೂಲ್ಕರ್ 1 ರನ್ನಿಗೆ ಔಟಾದಾಗ, ತನ್ನ ಊರಿನ ಮಗನನ್ನೇ ಈ ಮೈದಾನ ಹೀಯಾಳಿಸಿತ್ತು.

ಎರಡೂ ಸಲ ಜನ ಸಿಟ್ಟಾದದ್ದು ನಡತೆಯ ಮೇಲಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. ಒಬ್ಬರು ರನ್ ಮಾಡಲಿಲ್ಲ, ಇನ್ನೊಬ್ಬರು ಕೊಟ್ಟ ಹುದ್ದೆಯನ್ನು ಒಪ್ಪಿಕೊಂಡರು. ನಿಜವಾಗಿ ತಪ್ಪು ಮಾಡಿದವರನ್ನು ನಮ್ಮ ತಂಡದವರೆಂಬ ಒಂದೇ ಕಾರಣಕ್ಕೆ ಎದೆಗೆ ಅಪ್ಪಿಕೊಳ್ಳುವ ಜನವೂ ಇದೇ. ಇದರ ಉದಾಹರಣೆಗಳು ಬೇಸ್‌ಬಾಲಿನ ಇತಿಹಾಸದಲ್ಲಿ ಬೇಕಾದಷ್ಟಿವೆ. ಅವುಗಳ ಬಗ್ಗೆ ಆ ಮೂಲೆಯ ಎರಡು ಸ್ಟೂಲುಗಳ ಮೇಲೆ ಕೂತು ನಾವು ಮಾತಾಡಿದ್ದೂ ಬೇಕಾದಷ್ಟು. ಮಗಳಿಗೆ ಆಟದ ಹುಚ್ಚು ಹಿಡಿಸಿದವನು ಶಿಕಾಗೊದಲ್ಲಿರುವ ನನ್ನ ತಮ್ಮ. ಅವನಿಂದ ಕೇಳಿ ತಿಳಿದದ್ದನ್ನೆಲ್ಲ ಅವಳು ಇಲ್ಲಿ ಬಂದು ಅಜ್ಜನಿಗೆ ಒಪ್ಪಿಸುತ್ತಾಳೆ, ಅಜ್ಜ ಅದಕ್ಕೆ ತಮ್ಮ ಅಂಗಡಿಯ ಅನುಭವ ಸೇರಿಸುತ್ತಾರೆ.

ಮಿಲ್ವಾಕಿ ತಂಡದ ರಯನ್ ಬ್ರಾನ್ ಕಥೆಯನ್ನೇ ನೋಡಿ. 2011ರಲ್ಲಿ ತನ್ನ ಲೀಗಿನ ಅತ್ಯುತ್ತಮ ಆಟಗಾರನೆಂಬ ಪ್ರಶಸ್ತಿ ಪಡೆದವನು. ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಾಗ, ಮಾದರಿಯನ್ನು ಸಂಗ್ರಹಿಸಿದ ನೌಕರನ ಕಡೆಗೆ ಸಂಶಯದ ಬೆರಳು ತೋರಿಸಿ 2012ರಲ್ಲಿ ಶಿಕ್ಷೆಯಿಂದ ಪಾರಾದ. 2013ರಲ್ಲಿ ಬೇರೆ ಸಾಕ್ಷ್ಯ ಹೊರಬಂದು 65 ಪಂದ್ಯಗಳ ಅಮಾನತನ್ನು ಒಪ್ಪಿಕೊಳ್ಳಬೇಕಾಯಿತು. 2014ರ ಮೊದಲ ಪಂದ್ಯಕ್ಕೆ ಅವನು ತವರು ಮೈದಾನಕ್ಕೆ ಇಳಿದಾಗ ಮಿಲ್ವಾಕಿಯ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವಾರ ಕಳೆದು ಫಿಲಡೆಲ್ಫಿಯಾಕ್ಕೆ ಹೋದಾಗ ಅಲ್ಲಿಯ ಜನ ಬೂ ಎಂದು ಕೂಗಿದರು, ಅವನು ಆ ಕೂಗಿನ ನಡುವೆಯೇ ಮೂರು ಸಲ ಚೆಂಡನ್ನು ಮೈದಾನದಾಚೆ ಹಾರಿಸಿ ಮೂರು ಹೋಮ್ ರನ್ ಹೊಡೆದ. ಮನುಷ್ಯ ಒಬ್ಬನೇ, ತಪ್ಪು ಒಂದೇ, ನಡುವೆ ಒಂದು ವಾರ. ಬದಲಾದದ್ದು ಗ್ಯಾಲರಿಯಲ್ಲಿ ಕೂತವರ ಬನಿಯನ್ನಿನ ಬಣ್ಣ. ಆ ನೌಕರನಿಗಾಗಿ ಎದ್ದು ನಿಂತವರು ಯಾರೂ ಇರಲಿಲ್ಲವಲ್ಲ ಎಂದು ಹಿರಿಯರು ಕೇಳಿದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ. ಜೀವಮಾನವೆಲ್ಲ ಇನ್ನೊಬ್ಬರ ಅಂಗಡಿಯಲ್ಲಿ ದುಡಿದವರಿಗೆ ಮೊದಲು ಕಾಣುವುದು ಆ ನೌಕರ.

ಬ್ಯಾರಿ ಬಾಂಡ್ಸ್‌ನ ಚೆಂಡಿನ ಕಥೆಯನ್ನು ಅವರು ನನ್ನ ಮಗಳ ಬಾಯಿಂದ ಎರಡು ಸಲ ಹೇಳಿಸಿದರು. ಒಂದೇ ಋತುವಿನಲ್ಲಿ 73, ವೃತ್ತಿಜೀವನದಲ್ಲಿ 762 ಹೋಮ್ ರನ್. ಎರಡೂ ದಾಖಲೆ ಇಂದಿಗೂ ಅವನವೇ. ಮದ್ದಿನ ಶಂಕೆ ಅವನನ್ನು ಬಿಡಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅವನಿಗೆ ಜಯಕಾರ, ಹೊರಗೆ ಎಲ್ಲ ಕಡೆ ಧಿಕ್ಕಾರ. 2006ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಒಬ್ಬ ಪ್ರೇಕ್ಷಕ ಅವನತ್ತ ಸಿರಿಂಜನ್ನೇ ಎಸೆದ. 2007ರ ಆಗಸ್ಟ್ 7ರಂದು ಅವನು ಹಳೆಯ ದಾಖಲೆ ಮುರಿದ 756ನೇ ಹೋಮ್ ರನ್ನಿನ ಚೆಂಡನ್ನು ಮಾರ್ಕ್ ಎಕೊ ಎಂಬ ಉಡುಪು ವಿನ್ಯಾಸಕ 7,52,467 ಡಾಲರಿಗೆ ಹರಾಜಿನಲ್ಲಿ ಕೊಂಡು, ಏನು ಮಾಡಲಿ ಎಂದು ಜನರನ್ನೇ ಕೇಳಿದ. ಅತಿ ಹೆಚ್ಚು ಮತ ಬಿದ್ದದ್ದು, ಅದರ ಮೇಲೆ ನಕ್ಷತ್ರದ ಗುರುತು ಹಾಕಿ, ಆಟದ ಮಹನೀಯರನ್ನು ಆಯ್ದು ಗೌರವಿಸುವ ಕೂಪರ್ಸ್‌ಟೌನಿನ ಹಾಲ್ ಆಫ್ ಫೇಮ್‌ ಸಂಗ್ರಹಾಲಯಕ್ಕೆ ಕೊಡು ಎಂಬ ಸಲಹೆಗೆ. ಪುಸ್ತಕದಲ್ಲಿ ಅಡಿಟಿಪ್ಪಣಿ ಇದೆಯೆಂದು ಸೂಚಿಸಲು ಹಾಕುವ ಗುರುತು ಅದು. ಹಾಗೆಯೇ ಆಯಿತು. ಚೆಂಡು ಈಗ ಆ ಗುರುತಿನೊಂದಿಗೆ ಅಲ್ಲಿದೆ, ಬಾಂಡ್ಸ್ ಅಲ್ಲಿಲ್ಲ. ಆಯ್ಕೆಗೆ ನೂರಕ್ಕೆ 75 ಮತ ಬೇಕು, 2022ರಲ್ಲಿ ಬರಹಗಾರರ ಮತದ ಕೊನೆಯ ಅವಕಾಶದಲ್ಲಿ ಅವನಿಗೆ ಸಿಕ್ಕಿದ್ದು 66.

ಹಿರಿಯರು ಇದನ್ನು ಅಂಗಡಿಯ ಭಾಷೆಯಲ್ಲಿ ಅರ್ಥ ಮಾಡಿಕೊಂಡರು. ಆಟದ್ದು ಒಂದು ಖಾತೆ, ನಡತೆಯದು ಇನ್ನೊಂದು ಖಾತೆ; ಎರಡನ್ನೂ ಬರೆದಿಡಬೇಕು, ಒಂದರ ಸಾಲವನ್ನು ಇನ್ನೊಂದರ ಜಮೆಯಿಂದ ತೀರಿಸಬಾರದು. ಪೀಟ್ ರೋಸ್ ಎಂಬ ಹಳೆಯ ಆಟಗಾರನ ವಿಷಯದಲ್ಲಿ ಅಮೆರಿಕದವರು ಬಹುಮಟ್ಟಿಗೆ ಇದನ್ನೇ ಮಾಡಿದರೆಂದು ನನಗನಿಸುತ್ತದೆ. ಆಟದ ಮೇಲೆ ಬಾಜಿ ಕಟ್ಟಿದ್ದಕ್ಕೆ 1989ರಲ್ಲಿ ಹೊರಹಾಕಿದರು, ಆದರೆ ಅವನ 4,256 ಹಿಟ್‌ಗಳನ್ನು ದಾಖಲೆ ಪುಸ್ತಕದಿಂದ ಅಳಿಸಲಿಲ್ಲ. ಅವನು 2004ರ ತನಕ ತಪ್ಪೊಪ್ಪಿಕೊಳ್ಳಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ಮೇಲೆ, 2025ರ ಮೇ ತಿಂಗಳಲ್ಲಿ ಅವನ ಹೆಸರನ್ನು ನಿಷೇಧಿತರ ಪಟ್ಟಿಯಿಂದ ತೆಗೆದರು. ಹ್ಯೂಸ್ಟನ್ ಆಸ್ಟ್ರೋಸ್ ತಂಡದ ವಿಷಯದಲ್ಲಿ ಮಾತ್ರ ಲೆಕ್ಕ ಸರಿಹೋಗಲಿಲ್ಲ. 2017ರಲ್ಲಿ ಕ್ಯಾಮೆರಾ ಇಟ್ಟು, ಯಾವ ಬಗೆಯ ಚೆಂಡು ಎಸೆಯಬೇಕೆಂದು ಎದುರಾಳಿ ಕ್ಯಾಚರ್ (ಬ್ಯಾಟುಗಾರನ ಹಿಂದೆ ಕೂತು ಚೆಂಡು ಹಿಡಿಯುವವನು) ತನ್ನ ಎಸೆತಗಾರನಿಗೆ ಮಾಡುವ ಸಂಕೇತ ಕದ್ದು, ಕಸದ ಡಬ್ಬ ಬಡಿದು ಬ್ಯಾಟುಗಾರನಿಗೆ ಸುಳಿವು ಕೊಟ್ಟವರು ಆಟಗಾರರೇ ಆದರೂ, 2020ರ ಜನವರಿಯಲ್ಲಿ ಲೀಗ್ ತಂಡಕ್ಕೆ 50 ಲಕ್ಷ ಡಾಲರ್ ದಂಡ ಹಾಕಿ ಮ್ಯಾನೇಜರ್‌ಗಳನ್ನು ಅಮಾನತು ಮಾಡಿತು, ನಿಜ ಹೇಳಿದರೆಂದು ಆಟಗಾರರನ್ನು ಬಿಟ್ಟಿತು. ಕೊರೊನಾದಿಂದ ಮುಚ್ಚಿದ್ದ ಗ್ಯಾಲರಿಗಳು ಮರುವರ್ಷ ತೆರೆದಾಗ ಜನ ಗಾಳಿ ತುಂಬಿದ ಕಸದ ಡಬ್ಬಗಳನ್ನು ಮೈದಾನಕ್ಕೆ ಎಸೆದರು. ಅಧಿಕಾರಿಗಳು ಬರೆಯದೆ ಬಿಟ್ಟ ಖಾತೆಯನ್ನು ಜನ ತಮ್ಮ ಕೈಬರಹದಲ್ಲಿ ಬರೆಯಲು ಹೊರಟಾಗ ಹೀಗೇ ಆಗುತ್ತದೆ. ಆ ಸಿಟ್ಟನ್ನು ನಾನು ತಪ್ಪೆನ್ನಲಾರೆ.

ಮೋಸಕ್ಕಿಂತ ಭಾರವಾದ ಪ್ರಶ್ನೆ ಮನೆಯೊಳಗಿನ ಹಿಂಸೆಯದು. ಹೆಣ್ಣುಮಗುವಿನ ತಾಯಿಯಾಗಿ ನಾನು ಇದನ್ನು ದಾಟಿ ಹೋಗಲಾರೆ. ಆಟಗಾರರ ಸಂಘವೂ ಲೀಗೂ ಸೇರಿ 2015ರಲ್ಲಿ ಈ ಬಗ್ಗೆ ಒಂದು ನಿಯಮಾವಳಿ ರೂಪಿಸಿದವು. ಅದರಡಿ ಮೊದಲು ಅಮಾನತಾದವನು ಗಂಟೆಗೆ ನೂರು ಮೈಲಿಗೂ ಮೀರಿದ ವೇಗದಲ್ಲಿ ಎಸೆಯುವ ಅರೋಲ್ಡಿಸ್ ಚಾಪ್‌ಮನ್. ಪೊಲೀಸ್ ಮೊಕದ್ದಮೆ ದಾಖಲಾಗಲಿಲ್ಲ, ಲೀಗ್ 2016ರಲ್ಲಿ 30 ಪಂದ್ಯಗಳ ಶಿಕ್ಷೆ ಕೊಟ್ಟಿತು. ಅದೇ ವರ್ಷ ಜುಲೈನಲ್ಲಿ ಶಿಕಾಗೊ ಕಬ್ಸ್ ಅವನನ್ನು ತನ್ನ ತಂಡಕ್ಕೆ ತಂದಿತು. 1908ರಿಂದ ಪ್ರಶಸ್ತಿಗಾಗಿ ಕಾದಿದ್ದ ತಂಡ ಅದು. ಅವನಿದ್ದರೆ ಗೆಲ್ಲಬಹುದಿತ್ತು, ಗೆದ್ದರು ಕೂಡ. ಆಗ ಒಬ್ಬ ಅಭಿಮಾನಿ ಮಹಿಳೆ, ಅವನು ಪಂದ್ಯ ಉಳಿಸಿಕೊಟ್ಟ ಪ್ರತಿ ಸಲವೂ ಮನೆಯ ಹಿಂಸೆಗೆ ಸಿಲುಕಿದವರಿಗೆ ನೆರವಾಗುವ ಸಂಸ್ಥೆಗೆ ಹತ್ತು ಡಾಲರ್ ಕೊಡುತ್ತೇನೆಂದು ಸಾರ್ವಜನಿಕವಾಗಿ ಹೇಳಿದಳು, ಅನೇಕರು ಅವಳ ಜೊತೆಗೂಡಿದರು. ನನ್ನ ತಮ್ಮನೂ ಅವರಲ್ಲೊಬ್ಬ. ಒಂದು ರಾತ್ರಿ ಅವನು ಫೋನಿನಲ್ಲಿ, “ಅಕ್ಕಾ, ನಮ್ಮ ತಂಡ ಗೆದ್ದಿತೆಂದು ಕುಣಿದೆ, ಕುಣಿದ ಮೇಲೆ ಹತ್ತು ಡಾಲರ್ ಕಳಿಸಿ ಮಲಗಿದೆ” ಎಂದಿದ್ದ. ಆಗ ನನಗದು ಸರಿಯಾಗಿ ಅರ್ಥವಾಗಿರಲಿಲ್ಲ. ಧೋಬಿ ತಲಾವಿನ ಸ್ಟೂಲಿನ ಮೇಲೆ ಕೂತು ಮಗಳಿಗೆ ವಿವರಿಸುವಾಗ ಅರ್ಥವಾಯಿತು: ಅವನು ಗೆಲುವನ್ನೂ ನಿರಾಕರಿಸಲಿಲ್ಲ, ಹಿಂಸೆಗೆ ಸಿಲುಕಿದ ಹೆಣ್ಣನ್ನೂ ಮರೆಯಲಿಲ್ಲ. ಇಷ್ಟರಿಂದ ಸಾಕಾಯಿತೇ ಎಂದು ಮಗಳು ಕೇಳಿದಳು. ಸಾಲದು ಎಂದೇ ಹೇಳಿದೆ. ನಾನಾಗಿದ್ದರೆ ಚಾಪ್‌ಮನ್ ಎಸೆಯಲು ಬಂದಾಗ ಚಪ್ಪಾಳೆ ತಟ್ಟುತ್ತಿರಲಿಲ್ಲ. ಆದರೆ ಏನೂ ಆಗಿಲ್ಲವೆಂಬಂತೆ ಕುಣಿದವರಿಗಿಂತ ನನ್ನ ತಮ್ಮ ಪ್ರಾಮಾಣಿಕ.

ಸಹಿಯ ಗ್ಲೌಸ್ ಸಿಗದ ಬೇಸರ ಮಗಳಲ್ಲಿ ಕೆಲವು ವಾರ ಇತ್ತು. ಅದನ್ನು ಕಳೆದದ್ದು ಜಪಾನಿನ ಬೇಸ್‌ಬಾಲ್ ಆಟಗಾರ ಶೋಹೆ ಒಹ್ತಾನಿ ಕುರಿತು ಅವಳು ಕಂಡುಕೊಂಡ ಒಂದು ವಿಷಯ. 2023ರ ನವೆಂಬರಿನಲ್ಲಿ ಅವನು ಜಪಾನಿನ ಪ್ರಾಥಮಿಕ ಶಾಲೆಗಳಿಗೆಲ್ಲ ಸುಮಾರು 60,000 ಗ್ಲೌಸುಗಳನ್ನು ಕೊಡುವುದಾಗಿ ಘೋಷಿಸಿದ. ಶಾಲೆಗೆ ಮೂರರಂತೆ, ಎರಡು ಬಲಗೈಯವರಿಗೆ, ಒಂದು ಎಡಗೈಯವರಿಗೆ. ಆ ಮೂರನೆಯದನ್ನು ಮರೆಯದವನ ಮೇಲೆ ಅವಳಿಗೆ ಹುಟ್ಟಿದ ಪ್ರೀತಿ ನನಗೂ ಒಪ್ಪಿಗೆ. ಮೈದಾನದಲ್ಲಿ ಬಿದ್ದ ಕಸವನ್ನು ಹೆಕ್ಕುವುದೂ ಅವನ ರೂಢಿ. ಮರುವರ್ಷ ಅವನ ದುಭಾಷಿಯ ಜೂಜಿನ ಹಗರಣ ಹೊರಬಿದ್ದಾಗ, ತನಿಖೆ ಮುಗಿಯುವ ಮೊದಲೇ ಒಹ್ತಾನಿಯೇ ಅಪರಾಧಿಯೆಂದು ಎಷ್ಟೋ ಜನ ತೀರ್ಪು ಕೊಟ್ಟಿದ್ದರು. ದುಭಾಷಿ ಅವನ ಖಾತೆಯಿಂದ ಸುಮಾರು 1.7 ಕೋಟಿ ಡಾಲರ್ ಕದ್ದದ್ದು ನ್ಯಾಯಾಲಯದಲ್ಲಿ ಸಾಬೀತಾಗಿ, 2025ರಲ್ಲಿ ಆ ದುಭಾಷಿಗೆ 57 ತಿಂಗಳ ಜೈಲಾಯಿತು. ಮೆಚ್ಚುವುದಕ್ಕೂ ಹಳಿಯುವುದಕ್ಕೂ ಮೊದಲು ಕಾಯಬೇಕೆಂದು ಮಗಳಿಗೆ ಹೇಳಲು ನನಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಿಲ್ಲ.

ಅಂಗಡಿಯ ಕೊರತೆಗಳನ್ನೂ ಹೇಳಲೇಬೇಕು. ಬೆಲೆಯ ಚೀಟಿ ಯಾವ ಸಾಮಾನಿನ ಮೇಲೂ ಇಲ್ಲ. ನಮಗೆ ಮೋಸವಾಗಿಲ್ಲ, ಆದರೂ ಕೇಳಿ ಕೇಳಿ ತಿಳಿದುಕೊಳ್ಳಬೇಕಾದದ್ದು ಹೊಸಬರಿಗೆ ಮುಜುಗರ. ಹಿರಿಯರು ಇಲ್ಲದ ದಿನ ಹೋದರೆ ಬೇಸ್‌ಬಾಲಿನ ಮೂಲೆಯ ಬಗ್ಗೆ ತಿಳಿದವರು ಯಾರೂ ಇರುವುದಿಲ್ಲ. ನಾನೊಮ್ಮೆ ಎಣ್ಣೆಗೆಂದು ಹೋದಾಗ ಬೇರೆ ಹುಡುಗ ಕ್ರಿಕೆಟ್ ಬ್ಯಾಟಿಗೆ ಹಚ್ಚುವ ಎಣ್ಣೆ ಕೊಟ್ಟು ಕಳಿಸಿದ, ಅದು ಚರ್ಮಕ್ಕೆ ಬಳಸುವುದಲ್ಲ. ಹುಡುಗಿಯರ ಅಳತೆಯ ಪ್ಯಾಂಟುಗಳು ಇಲ್ಲ, ಹಾಕಿ ನೋಡಲು ಜಾಗವೂ ಇಲ್ಲ. ಕ್ಯಾಚರನ ಮುಖಗವಸುಗಳಲ್ಲಿ ಚಿಕ್ಕ ಮಕ್ಕಳಿಗೆ ಹೊಂದುವುದು ಒಂದೂ ಕಾಣಲಿಲ್ಲ, ಇದು ಸುರಕ್ಷತೆಯ ವಿಷಯವಾದ್ದರಿಂದ ಬೇರೆ ಕಡೆ ಹುಡುಕುವುದು ಒಳ್ಳೆಯದು. ಮರದ ಬ್ಯಾಟುಗಳೂ ಸಾಧಾರಣ. ನಾವು ಕೊಂಡದ್ದು ಎರಡೇ ತಿಂಗಳಲ್ಲಿ ಹಿಡಿಕೆಯ ಮೇಲೆ ಸೀಳಿತು. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಕೆಲಸಕ್ಕೆ ಹೋಗುವ ತಂದೆತಾಯಿಗಳಿಗೆ ಅದೂ ಒಂದು ತೊಂದರೆ.

ಮಳೆಗಾಲದಲ್ಲಿ ಗ್ಲೌಸ್ ಬೂಷ್ಟು ಹಿಡಿಯಿತು. ಮುಂಬಯಿಯ ಜುಲೈನಲ್ಲಿ ಚಪ್ಪಲಿಗೂ ಬೆಲ್ಟಿಗೂ ಆಗುವುದೇ ಇದಕ್ಕೂ ಆಯಿತು. ಒಂದು ಬೆಳಿಗ್ಗೆ ತೆಗೆದು ನೋಡಿದರೆ ಅಂಗೈಯ ಗುಳಿಯಲ್ಲಿ ಬೂದಿ ಉದುರಿಸಿದಂತೆ ಬಿಳಿ ಮಚ್ಚೆ. ಜೊತೆಗೆ ಜಾಲರಿಯ ಚರ್ಮದ ಲಾಡಿ ನೆನೆದು ಸಡಿಲಾಗಿತ್ತು. ಹಿರಿಯರು ಒಣ ಬಟ್ಟೆಯಿಂದ ಒರೆಸಿ, ಎರಡು ದಿನ ಫ್ಯಾನಿನ ಕೆಳಗಿಟ್ಟು, ಹಳೆಯ ಲಾಡಿ ಬಿಚ್ಚಿ ಹೊಸದು ಹೆಣೆದು ಕೊಟ್ಟರು. ಲಾಡಿಗೆ 120 ರೂಪಾಯಿ ತೆಗೆದುಕೊಂಡರು, ಕೆಲಸಕ್ಕೆ ಏನೂ ತೆಗೆದುಕೊಳ್ಳಲಿಲ್ಲ. ಬಿಸಿಲಿಗೆ ಇಡಬೇಡಿ, ಮಡಚಿ ಚೀಲದಲ್ಲಿ ಮುಚ್ಚಿಡಬೇಡಿ, ಅಕ್ಕಿ ಡಬ್ಬದ ಪಕ್ಕದ ಒಣ ಜಾಗದಲ್ಲಿ ತೆರೆದಿಡಿ ಎಂದರು. ಈಗ ಅದು ನಮ್ಮ ಅಡುಗೆಮನೆಯ ಕಪಾಟಿನಲ್ಲಿದೆ.

ಎಡಗೈಯವರ ಅಳತೆಯಲ್ಲಿ ಇನ್ನೂ ಎರಡು ಗ್ಲೌಸುಗಳು ಜಲಂಧರದಿಂದ ಬಂದಿವೆ, ಒಂದು ಹನ್ನೊಂದು ಅಂಗುಲದ್ದು, ಇನ್ನೊಂದು ಹನ್ನೆರಡು. ಬೇಕಾದವರು ಮಧ್ಯಾಹ್ನ ಮೂರರ ನಂತರ ಹೋಗಿ. ಹಿರಿಯರು ಆ ಹೊತ್ತಿಗೆ ಊಟ ಮುಗಿಸಿ ಬಂದಿರುತ್ತಾರೆ. ಸಹಿಯಿರುವ ಗ್ಲೌಸ್ ಇನ್ನೂ ಹಲಗೆಯ ಮೇಲೆಯೇ ಇದೆ, ಬಲಗೈಯವರಾದರೆ ಕೇಳಿ ಹಾಕಿ ನೋಡಬಹುದು, ಚರ್ಮ ಚೆನ್ನಾಗಿದೆ.